ಗೋಂಗೂರದ ನಾರು, ಚಿತ್ತಾರದ ಎಳೆ

ಚಿತ್ತಾರದ ಕೆಳಗೆ ಯಾರ ಹೆಸರೂ ಇರುವುದಿಲ್ಲ. ಸಾಗರ, ಸೊರಬದ ಕಡೆಯ ನಮ್ಮ ದೀವರ ಮನೆಗಳಲ್ಲಿ ಮದುವೆಗೆ ಹಸೆ ಗೋಡೆ ಬರೆಯುವ ಹೆಂಗಸರು ಸಹಿ ಹಾಕಿದ್ದನ್ನು ನಾನು ನೋಡಿಲ್ಲ. ಭೂಮಿ ಹುಣ್ಣಿಮೆಯ ಭೂಮಣ್ಣಿ ಬುಟ್ಟಿಗೂ ಅಷ್ಟೇ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ನೆನೆಸಿ ರುಬ್ಬಿದ ಅಕ್ಕಿಯ ಬಿಳುಪಿನಲ್ಲಿ ಎಳೆ ಎಳೆಯಬೇಕು. ಹಳದಿಗೆ ಗುರಿಗೆ ಬೀಜ, ಕಪ್ಪಿಗೆ ಸೀಯುವಂತೆ ಹುರಿದ ಅಕ್ಕಿ, ಕುಂಚಕ್ಕೆ ಪುಂಡಿ ನಾರು. ದಿನಗಟ್ಟಲೆ ಕೂತು ಬರೆದ ಆ ಬುಟ್ಟಿ ಹುಣ್ಣಿಮೆಯ ನಸುಕಿನಲ್ಲಿ ಚರಗ ತುಂಬಿಕೊಂಡು ಗದ್ದೆಗೆ ಹೋಗುತ್ತದೆ, ಬಸುರಿ ಭೂಮಿತಾಯಿಗೆ ಬಯಕೆಯ ಊಟ ಒಯ್ಯಲು.

ಇದನ್ನು ಅವ್ವನಿಂದ ಕಲಿತ ನಾನು ಎಂ.ಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಒಂಬತ್ತು ವರ್ಷ. ಕೊಂಡಾಪುರದ ಅಪಾರ್ಟ್‌ಮೆಂಟಿನಲ್ಲಿ ದಪ್ಪ ಕಾಗದದ ಮೇಲೆ ಅಕ್ರಿಲಿಕ್‌ನಲ್ಲಿ ಬರೆದು ಫ್ರೇಮ್ ಹಾಕಿಸುತ್ತಿದ್ದೆ. ಫೋಟೊ ಹಾಕಿದರೆ ಲೈಕ್‌ಗಳಿಗೇನೂ ಬರವಿರಲಿಲ್ಲ. ಮನೆ ಗೋಡೆ ತುಂಬಿತು. ಎದುರು ಮನೆಯವರ ಹೆಸರು ಮಾತ್ರ ಮೂರು ವರ್ಷ ಗೊತ್ತಿರಲಿಲ್ಲ. ಕಚೇರಿಯಲ್ಲಿ ನಲವತ್ತೈದು ನಿಮಿಷದ ‘ಸ್ಟ್ರೆಸ್ ಬಸ್ಟರ್’ ಕಾರ್ಯಾಗಾರ ಮಾಡಿಕೊಡಿ ಎಂದು ಕೇಳಿದ್ದರು. ಅಕ್ಕಿ ನೆನೆಯುವುದಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಆಗುವುದಿಲ್ಲ ಎಂದೆ.

ಕಾಗದದ ಮೇಲಿದ್ದ ಚಿತ್ತಾರ ಮತ್ತೆ ಕೆಲಸಕ್ಕೆ ಬಂದದ್ದು ಬತುಕಮ್ಮ ಹಬ್ಬದಿಂದ. 2014ರಲ್ಲಿ ತೆಲಂಗಾಣ ರಚನೆಯಾದ ಮೇಲೆ ಇದು ಇಲ್ಲಿಯ ರಾಜ್ಯ ಹಬ್ಬ. ಮಹಾಲಯ ಅಮಾವಾಸ್ಯೆಗೆ ಶುರುವಾಗಿ ಒಂಬತ್ತು ದಿನ ನಡೆದು, ದುರ್ಗಾಷ್ಟಮಿಯ ಹೊತ್ತಿಗೆ ಸದ್ದುಲ ಬತುಕಮ್ಮದೊಂದಿಗೆ ಮುಗಿಯುತ್ತದೆ. ತಂಗೇಡು (ನಮ್ಮ ತಂಗಡಿ ಹೂವೇ), ಗುನುಗು, ಚೆಂಡು ಹೂಗಳನ್ನು ತಟ್ಟೆಯಲ್ಲಿ ಸುತ್ತು ಸುತ್ತಾಗಿ ಗೋಪುರದಂತೆ ಜೋಡಿಸಿ, ತುದಿಗೆ ಅರಿಶಿನದ ಗೌರಮ್ಮನನ್ನು ಇಟ್ಟು, ಸುತ್ತ ಚಪ್ಪಾಳೆ ತಟ್ಟಿ ಹಾಡಿ, ಕೊನೆಗೆ ಕೆರೆಗೆ ಬಿಡುತ್ತಾರೆ. ಅದಾಗಿ ಒಂದು ವಾರಕ್ಕೆ ನಮ್ಮ ಭೂಮಿ ಹುಣ್ಣಿಮೆ.

ಹೋದ ವರ್ಷ ಬುಟ್ಟಿಯನ್ನು ಕಾರಿಡಾರಿನಲ್ಲಿ ಒಣಗಲು ಇಟ್ಟಿದ್ದೆ. ಎದುರು ಮನೆಯ ಆಂಟಿ, ಸಿದ್ಧಿಪೇಟೆ ಕಡೆಯವರು, ಬಗ್ಗಿ ನೋಡಿ, ಬತುಕಮ್ಮಕ್ಕೆ ಒಂದು ಬಿದಿರಿನ ತಟ್ಟೆಗೆ ಹೀಗೇ ಬರೆದು ಕೊಡುತ್ತೀಯಾ ಎಂದರು. ಸ್ಟೀಲ್ ತಟ್ಟೆಯಾದರೆ ಹೂವನ್ನು ಜಾರಿಸಿ ವಾಪಸ್ ತರುತ್ತಾರೆ, ಬಿದಿರಿನದು ಹೂವಿನ ಜೊತೆ ನೀರಿಗೇ. ಮೂರು ಸಂಜೆಯ ಕೆಲಸ ಆಂಟೀ, ನೀರಿಗೆ ಹೋಗುತ್ತದಲ್ಲ ಎಂದೆ. “ಹೂವೂ ಹೋಗುತ್ತದಲ್ಲಮ್ಮಾ” ಎಂದು ಅವರು ತಮ್ಮ ಪಾಡಿಗೆ ಗುನುಗು ಬಿಡಿಸುತ್ತ ಕೂತರು.

ಬರೆದು ಕೊಟ್ಟೆ. ಹೂ ಜೋಡಿಸಿದ ಮೇಲೆ ಕಾಣುತ್ತಿದ್ದುದು ಅಂಚಿನ ನಾಲ್ಕು ಎಳೆ ಮಾತ್ರ. ಅಷ್ಟಕ್ಕೇ ಹೆಂಗಸರು ಇದೇನು, ಯಾವ ಊರಿನ ಮುಗ್ಗು ಎಂದು ಕೇಳಿದರು. ಮುಗ್ಗು ಎಂದರೆ ರಂಗೋಲಿ. ಅವರದು ಚುಕ್ಕಿಯಿಂದ ಹೊರಡುತ್ತದೆ, ನಮ್ಮದು ಎಳೆಯಿಂದ ಎಂದೆ. ಮರುದಿನವೇ ನಾಲ್ವರು ಕಲಿಯಲು ಬಂದು ಕೂತರು. ನಾರು ತೋರಿಸಿದಾಗ ಆಂಟಿ ನಕ್ಕೇ ನಕ್ಕರು. ಪುಂಡಿ ಅಂದರೆ ಇಲ್ಲಿನ ಗೋಂಗೂರ. ಇಡೀ ನಗರ ಸೊಪ್ಪನ್ನು ಚಟ್ನಿ ಮಾಡಿ ತಿನ್ನುತ್ತದೆ, ನಾನೋ ಊರಿಂದ ಬರುವವರ ಕೈಯಲ್ಲಿ ನಾರು ತರಿಸುತ್ತಿದ್ದೆ! ಆಂಟಿಯ ತಮ್ಮನ ಹೊಲದಿಂದ ಬಲಿತ ಕಡ್ಡಿ ಬಂತು. ನೀರಿನಲ್ಲಿ ಕೊಳೆಹಾಕಿ, ಬಾಲ್ಕನಿಯಲ್ಲಿ ಜಜ್ಜಿ ನಾರು ತೆಗೆದೆವು. ವಾಸನೆಗೆ ಮೇಲಿನ ಮಹಡಿಯವರು ಸೆಕ್ಯೂರಿಟಿಯವನನ್ನು ಕಳಿಸಿದ್ದೂ ಆಯಿತು.

ಇಷ್ಟು ವರ್ಷ ನನ್ನ ಚರಗ ಟೆರೇಸಿನ ತುಳಸಿ ಕುಂಡಕ್ಕೇ ಬೀಳುತ್ತಿತ್ತು. ಹೋದ ವರ್ಷದ ಹುಣ್ಣಿಮೆಗೆ ಆಂಟಿಯ ಮಗ ನಡುರಾತ್ರಿ ಕಾರು ತೆಗೆದ. ನಸುಕಿಗೆ ಸಿದ್ಧಿಪೇಟೆ ದಾಟಿ ಅವರ ಊರಿನ ಗದ್ದೆಯಲ್ಲಿದ್ದೆವು. ಬುಟ್ಟಿ ಹೊತ್ತವರು ಆಂಟಿ, ಚರಗ ಬೀರಿದ್ದು ಅವರ ತಮ್ಮ. ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಎಲ್ಲವನ್ನೂ ನೋಡಿ ಅವಳು ಕೇಳಿದ್ದು ಒಂದೇ: “ಭತ್ತ ಯಾವುದೇ ಅದು, ತೆನೆ ಚಲೋ ಕಟ್ಟಿದೆಯಲ್ಲ?”