ಕಾವಲಿಯ ಮೇಲೆ ಹಣ್ಣು, ತಟ್ಟೆಯಲ್ಲಿ ನಮ್ಮದೇ ಪನೀರ್



ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂದರೆ ಗಗನಚುಕ್ಕಿ, ಅದರ ಜೊತೆಗೆ ಶಿವನಸಮುದ್ರದ ವಿದ್ಯುದಾಗಾರ. 1902ರಲ್ಲಿ ಇಲ್ಲಿ ತಯಾರಾದ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಹುಟ್ಟಿದ್ದು ಇಲ್ಲಿ, ಬೆಳಗಿದ್ದು ದೂರದೂರಲ್ಲಿ.

ನಮ್ಮ ಕೊಟ್ಟಿಗೆಯ ಹಾಲಿನ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಬೆಳಿಗ್ಗೆ ಕರೆದದ್ದು ಕ್ಯಾನು ಸೇರಿ ಡೈರಿಗೆ, ಅಲ್ಲಿಂದ ಗೆಜ್ಜಲಗೆರೆಗೆ. ಬಟವಾಡೆ ಹಣದಿಂದ ಸಂಸಾರ ನಡೆಯುತ್ತದೆ, ಅದು ಬೇಕೇಬೇಕು. ಮಕ್ಕಳಿಗೆ 2013ರಿಂದ ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲೂ ಸಿಗುತ್ತಿದೆ. ಆದರೆ ಹುಲ್ಲು ಹೊತ್ತು, ಸಗಣಿ ಬಾಚಿ, ಕೆಚ್ಚಲು ತೊಳೆದು ಹಾಲು ಕರೆಯುವ ತಾಯಿಗೆ ಸಿಗುವುದೇನು? "ಕಾಫಿಗೆ ಹಾಕ್ಕೊಂಡಷ್ಟೇ ಡಾಕ್ಟ್ರೇ ನಮ್ಮ ಪಾಲು" ಎಂಬ ಮಾತನ್ನು ಹಸು ನೋಡಲು ಹೋದ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅದಕ್ಕೇ ಈ ಸಂಚಿಕೆಯಲ್ಲಿ ರೋಗ, ಮೇವುಗಳ ಜೊತೆಗೆ ಅಡುಗೆಯ ಮಾತನ್ನೂ ಆಡುತ್ತಿದ್ದೇನೆ. ವಾರಕ್ಕೆ ಒಂದೇ ಒಂದು ಲೀಟರ್ ಮನೆಗೆ ಉಳಿಸಿಕೊಳ್ಳಿ. ಅದರಿಂದ ಪನೀರ್ ಮಾಡಿ, ಸುಟ್ಟ ಹಣ್ಣಿನ ಜೊತೆ ಮನೆಯವರೆಲ್ಲ ಕೂತು ತಿನ್ನಿ.

ಹಣ್ಣನ್ನು ಸುಡುವುದೇಕೆ?

ಗಿಣ್ಣು, ಅಂದರೆ ಚೀಸ್, ಹೆಚ್ಚು ತಿನ್ನುವ ದೇಶಗಳಲ್ಲಿ ದ್ರಾಕ್ಷಿ, ಅಂಜೂರ, ಪೇರು ಹಣ್ಣುಗಳನ್ನು ಬೆಂಕಿಯ ಶಾಖಕ್ಕೆ ಬಾಡಿಸಿ, ಊಟಕ್ಕೆ ಮೊದಲು ಚೀಸ್ ಜೊತೆ ಕೊಡುತ್ತಾರೆ. ನಮಗೂ ಇದು ತೀರಾ ಹೊಸದೇನಲ್ಲ. ಕೆಂಡದಲ್ಲಿ ಗೆಣಸು, ಜೋಳದ ತೆನೆ, ಹಲಸಿನ ಬೀಜ ಸುಟ್ಟು ತಿಂದವರೇ ನಾವು. ಹಣ್ಣಿಗೆ ಶಾಖ ತಗುಲಿದಾಗ ನೀರಿನಂಶ ಆರಿ ಸಿಹಿ ಗಟ್ಟಿಯಾಗುತ್ತದೆ. ಅಂಚು ಕೆಂಪಾದಂತೆ ಬೆಲ್ಲದ ಪಾಕದಂಥ ಘಮ ಬರುತ್ತದೆ. ಸಪ್ಪೆ ಪನೀರಿಗೆ ಅದು ಒಳ್ಳೆಯ ಜೋಡಿ.

ಅನಾನಸ್ ವಿಷಯದಲ್ಲಿ ಇನ್ನೊಂದು ಕಾರಣವಿದೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವಿರುತ್ತದೆ. ಅದು ಹಾಲಿನ ಪ್ರೋಟೀನನ್ನು ಒಡೆಯುವುದರಿಂದ ಹಾಲು, ಮೊಸರು, ಪನೀರಿನ ಜೊತೆ ಹಸಿಯಾಗಿ ಬೆರೆಸಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುತ್ತದೆ. ಚೆನ್ನಾಗಿ ಬಿಸಿ ಮಾಡಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ.

ಪನೀರ್ ಮಾಡುವ ಬಗೆ

ಒಂದು ಲೀಟರ್ ಹಾಲನ್ನು ಕುದಿ ಬರುವವರೆಗೆ ಕಾಯಿಸಿ. ಒಲೆಯಿಂದ ಇಳಿಸಿ ಎರಡು ಮೂರು ನಿಮಿಷ ಬಿಡಿ. ಒಂದು ದೊಡ್ಡ ನಿಂಬೆಹಣ್ಣಿನ ರಸಕ್ಕೆ ಅಷ್ಟೇ ನೀರು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಮೆಲ್ಲಗೆ ಕೈಯಾಡಿಸಿ. ಹಾಲು ಒಡೆದು ತಿಳಿ ಹಸಿರು ನೀರು ಬಿಟ್ಟೊಡನೆ ರಸ ಹಾಕುವುದನ್ನು ನಿಲ್ಲಿಸಿ, ಹೆಚ್ಚಾದರೆ ಹುಳಿಯಾಗುತ್ತದೆ. ತೊಳೆದು ಕುದಿಸಿದ ತೆಳು ಹತ್ತಿ ಬಟ್ಟೆಯಲ್ಲಿ ಸೋಸಿ, ತಣ್ಣೀರು ಹುಯ್ದು, ಗಂಟು ಕಟ್ಟಿ, ಮೇಲೆ ತಟ್ಟೆ ಇಟ್ಟು ನೀರು ತುಂಬಿದ ಚೊಂಬು ಹೇರಿ. ಅರ್ಧ ಗಂಟೆಗೆ ಗಟ್ಟಿಯಾಗುತ್ತದೆ.

ಹಸುವಿನ ಹಾಲಾದರೆ ಲೀಟರಿಗೆ ಸುಮಾರು 150 ಗ್ರಾಂ, ಎಮ್ಮೆ ಹಾಲಾದರೆ ಸುಮಾರು 200 ಗ್ರಾಂ ಪನೀರ್ ಸಿಗುತ್ತದೆ. 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇರುತ್ತದೆ. ಸೋಸಿದ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಕಲೆಸಲು, ಸಾರಿಗೆ ಆಗುತ್ತದೆ. ದನಕ್ಕೆ ಕೊಡುವುದಾದರೆ ಹಿಂಡಿಯಲ್ಲಿ ಸ್ವಲ್ಪ ಮಾತ್ರ ಬೆರೆಸಿ; ಹುಳಿ ನೀರು ಒಮ್ಮೆಲೇ ಹೆಚ್ಚು ಹೋದರೆ ಹೊಟ್ಟೆ ಕೆಡುತ್ತದೆ.

ಹಣ್ಣು ಸುಡುವ ಬಗೆ

ಹೆಚ್ಚು ಕಳಿಯದ, ಕೈಗೆ ಗಟ್ಟಿಯಾಗಿ ಸಿಗುವ ಹಣ್ಣು ಆರಿಸಿಕೊಳ್ಳಿ. ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ, ಸೀಬೆಯನ್ನು ನಾಲ್ಕು ಹೋಳು ಮಾಡಿ, ಅನಾನಸನ್ನು ಬಿಲ್ಲೆಯಾಗಿ ಕೊಯ್ಯಿರಿ. ಶ್ರೀರಂಗಪಟ್ಟಣದ ಗಂಜಾಂ ಕಡೆಯ ಅಂಜೂರ ಸಿಕ್ಕರೆ ಎರಡು ಹೋಳು ಸಾಕು. ಕಾವಲಿ ಚೆನ್ನಾಗಿ ಕಾದ ಮೇಲೆ ಒಂದು ಚಮಚ ತುಪ್ಪ ಸವರಿ ಹೋಳುಗಳನ್ನು ಬಿಡಿಬಿಡಿಯಾಗಿ ಇಡಿ. ಪದೇ ಪದೇ ತಿರುವಬೇಡಿ. ಬಾಳೆಗೆ ಒಂದೊಂದು ಮಗ್ಗುಲಿಗೆ ಎರಡು ನಿಮಿಷ, ಸೀಬೆ ಮತ್ತು ಅನಾನಸಿಗೆ ನಾಲ್ಕೈದು ನಿಮಿಷ. ಕೊನೆಗೆ ಮಂಡ್ಯದ ಬೆಲ್ಲದ ಪುಡಿ ಒಂದು ಚಿಟಿಕೆ ಉದುರಿಸಿ. ಅದೇ ಕಾವಲಿಯಲ್ಲಿ ಪನೀರ್ ತುಂಡುಗಳನ್ನೂ ಕೆಂಪಗೆ ಮಾಡಿ, ಉಪ್ಪು, ಮೆಣಸಿನ ಪುಡಿ, ನಾಲ್ಕು ಹನಿ ನಿಂಬೆರಸ ಹಾಕಿ ಬಿಸಿಯಾಗಿ ಬಡಿಸಿ. ಸಕ್ಕರೆ ಕಾಯಿಲೆ ಇರುವವರು ಬೆಲ್ಲ ಬಿಟ್ಟು, ಬಾಳೆಯ ಬದಲು ಸೀಬೆ ತಿನ್ನುವುದು ಒಳ್ಳೆಯದು.

ಯಾವ ಹಾಲು ಆಗದು?

ಇದು ಪಶುವೈದ್ಯನಾಗಿ ನಾನು ಒತ್ತಿ ಹೇಳಲೇಬೇಕಾದ ಮಾತು. ಮನೆಗೆ ತಾನೇ ಎಂದು ಡೈರಿಗೆ ಹಾಕಲಾಗದ ಹಾಲನ್ನು ಪನೀರಿಗೆ ಬಳಸಬೇಡಿ.

ಕೆಚ್ಚಲು ಬಾವು ಬಂದ ಹಸುವಿನ ಹಾಲು ಕಾಯಿಸಿದಾಗ ತಾನೇ ಒಡೆಯಬಹುದು. "ಹೇಗೂ ಒಡೆದಿದೆ, ಪನೀರ್ ಆಯಿತಲ್ಲ" ಎಂದುಕೊಳ್ಳುವುದು ಅಪಾಯ. ಅದರಲ್ಲಿ ಕೀವು, ರೋಗಾಣು ಮತ್ತು ಅವು ಬಿಟ್ಟ ವಿಷ ಇರಬಹುದು. ಕುದಿಸಿದರೂ ಕೆಲವು ವಿಷಗಳು ಹೋಗುವುದಿಲ್ಲ.

ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲೂ ಬೇಡ. ಕುದಿಸಿದ ಮಾತ್ರಕ್ಕೆ ಔಷಧಿ ಹಾಲಿನಿಂದ ಹೋಗುವುದಿಲ್ಲ. ಎಷ್ಟು ದಿನ ಬಿಡಬೇಕೆಂಬುದು ಔಷಧಿಯ ಮೇಲೆ ನಿಂತಿದೆ. ಇಂಜೆಕ್ಷನ್ ಕೊಟ್ಟ ದಿನವೇ ವೈದ್ಯರನ್ನು ಕೇಳಿ, ತಾರೀಖನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿ.

ಮೂರನೆಯದು ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್. ಐದು ತಿಂಗಳು ದಾಟಿದ ಮೇಲೆ ಹಸು ಕಂದು ಹಾಕಿದರೆ ಇದರ ಅನುಮಾನ ಪಡಬೇಕು. ಹಸಿ ಹಾಲಿನಿಂದ, ಸತ್ತ ಕರು ಮತ್ತು ಕಸವನ್ನು ಬರಿಗೈಲಿ ಮುಟ್ಟುವುದರಿಂದ ಇದು ಮನುಷ್ಯರಿಗೂ ಬರುತ್ತದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟ ನೋವು ಇದರ ಲಕ್ಷಣಗಳು. ಎಷ್ಟೋ ಹೆಣ್ಣುಮಕ್ಕಳು "ಕೆಲಸದ ದಣಿವು" ಎಂದು ಸುಮ್ಮನಾಗುತ್ತಾರೆ. ಹಾಗೆ ಮಾಡಬೇಡಿ. ಆಸ್ಪತ್ರೆಗೆ ಹೋದಾಗ "ನಮ್ಮ ಹಸು ಕಂದು ಹಾಕಿತ್ತು" ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಹಾಲು ಚೆನ್ನಾಗಿ ಕುದಿದರೆ ಈ ರೋಗಾಣು ಸಾಯುತ್ತದೆ. ಆದ್ದರಿಂದ ಹಸಿ ಹಾಲಿಗೆ ಹುಳಿ ಹಿಂಡಿ ಗಿಣ್ಣು ಮಾಡುವುದು ಬೇಡವೇ ಬೇಡ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಒಮ್ಮೆ ಲಸಿಕೆ ಹಾಕಿಸಿ.

ಪನೀರನ್ನು ಅಂದಂದೇ ಮುಗಿಸುವುದು ಒಳ್ಳೆಯದು. ಫ್ರಿಜ್ಜಿದ್ದರೆ ಶುದ್ಧ ನೀರಿನಲ್ಲಿ ಮುಳುಗಿಸಿ ಎರಡು ದಿನ ಇಡಬಹುದು. ಲೋಳೆ ಬಂದರೆ, ಹುಳಿ ವಾಸನೆ ಬಂದರೆ ಎಸೆಯಿರಿ. ಮಳೆಗಾಲದಲ್ಲಿ ಬ್ಲಫ್‌ಗೆ ಬರುವ ಪ್ರವಾಸಿಗರಿಗೆ ಮಾರುವ ಆಸೆ ಇರುವ ಸ್ತ್ರೀಶಕ್ತಿ ಸಂಘಗಳು ಮೊದಲು ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು.

ಮಾರುವುದು ಆಮೇಲಿನ ಮಾತು. ಬರುವ ಭಾನುವಾರ ಒಂದು ಲೀಟರ್ ಹಾಲು ಎತ್ತಿಡಿ. ಬಡಿಸುವಾಗ ನಿಮ್ಮ ತಟ್ಟೆಗೂ ಎಲ್ಲರಷ್ಟೇ ಹಾಕಿಕೊಳ್ಳಿ.