ಹಳೆಯ ಟೇಪಿಗೆ ಹದವಾದ ಬಿಸಿಗಾಳಿ

ಹಣ್ಣು, ತರಕಾರಿ ಒಣಗಿಸಲು ಮಾಡಿದ ಡಿಹೈಡ್ರೇಟರ್ ಯಂತ್ರ ಹಳೆಯ ಸ್ಪೂಲ್ ಟೇಪುಗಳನ್ನು ಮತ್ತೆ ನುಡಿಸುವುದಕ್ಕೂ ಒದಗುತ್ತದೆ. 1970 ಮತ್ತು 80ರ ದಶಕಗಳ ಕೆಲವು ಟೇಪುಗಳಲ್ಲಿ ಕಾಂತೀಯ ಪುಡಿಯನ್ನು ಪಟ್ಟಿಗೆ ಹಿಡಿದಿಟ್ಟಿರುವ ಪಾಲಿಯುರೆಥೇನ್ ಅಂಟು ಗಾಳಿಯ ತೇವ ಹೀರಿ ಹಾಳಾಗುತ್ತದೆ. ಟೇಪು ಜಿಗುಟಾಗಿ ಕಿರುಗುಟ್ಟುತ್ತದೆ, ಹೆಡ್‌ಗೆ ಕಂದು ರಾಡಿ ಮೆತ್ತುತ್ತದೆ, ಕೆಲವೊಮ್ಮೆ ಓಡದೆ ನಿಂತೇಬಿಡುತ್ತದೆ. ಹಲವು ಗಂಟೆ ಬಿಸಿಗಾಳಿ ಕೊಟ್ಟರೆ ಅಂಟು ತಾತ್ಕಾಲಿಕವಾಗಿ ಗಟ್ಟಿಯಾಗುತ್ತದೆ. ಇದಕ್ಕೆ ಆಂಪೆಕ್ಸ್ ಕಂಪನಿ 1993ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ವಿಚಿತ್ರವೆಂದರೆ ಅದರದೇ 406, 456 ಟೇಪುಗಳು ಈ ರೋಗಕ್ಕೆ ಕುಖ್ಯಾತ. ಸ್ಕಾಚ್ 226, 250 ಕೂಡ ಅದೇ ಸಾಲಿನವು.

ಯಂತ್ರ ಕೊಳ್ಳುವ ಮೊದಲು ಟೇಪು ಯಾವುದೆಂದು ನೋಡಬೇಕು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯ ಬಾತಿಯಂಥ ಊರುಗಳಲ್ಲಿ ಮನೆಯ ಹಳೆಯ ಧ್ವನಿಮುದ್ರಣವೆಂದರೆ ಸಾಮಾನ್ಯವಾಗಿ ಕ್ಯಾಸೆಟ್. ಅದಕ್ಕೆ ಈ ಉಪಚಾರ ಬೇಕಾಗುವುದು ಅಪರೂಪ. ರೋಗ ಕಾಣುವುದು ಹೆಚ್ಚಾಗಿ ಬೆನ್ನಿಗೆ ಕಪ್ಪು ಲೇಪವಿರುವ, ಸ್ಟುಡಿಯೋ ದರ್ಜೆಯ ಸ್ಪೂಲುಗಳಲ್ಲಿ. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಸುತ್ತಿದ ಟೇಪಿನ ಮೂಲಕ ಬೆಳಕು ತೂರಿಬಂದರೆ ಅದು ಅಸಿಟೇಟ್ ಟೇಪು. ಅದನ್ನು ಬಿಸಿಗೆ ಇಡಲೇಬಾರದು, ಸೊಟ್ಟಾಗಿ ಹಾಳಾಗುತ್ತದೆ.

ಬೇಕಾದ ಶಾಖ ಸುಮಾರು 54 ಡಿಗ್ರಿ ಸೆಲ್ಸಿಯಸ್. ಕಾಲು ಇಂಚು ಅಗಲದ ಟೇಪಿಗೆ ಎಂಟು ಗಂಟೆ ಸಾಮಾನ್ಯ. ಒಂದು, ಎರಡು ಇಂಚಿನವಕ್ಕೆ ಇನ್ನೂ ಹೆಚ್ಚು. ಹಪ್ಪಳ ಸಂಡಿಗೆ ಒಣಗುವ ಮಾಳಿಗೆಯ ಬಿಸಿಲು ಎಷ್ಟೇ ಚುರುಕಾಗಿದ್ದರೂ ಇದಕ್ಕೆ ಆಗದು, ಅದರ ಶಾಖ ಹಿಡಿತಕ್ಕೆ ಸಿಗುವುದಿಲ್ಲ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಗ್ಯಾಸ್ ಒಲೆಯ ಓವನ್ನಿನಲ್ಲಿ ಉರಿಯ ಜತೆ ತೇವವೂ ಹುಟ್ಟುತ್ತದೆ.

ಹಾಗಾಗಿ ಯಂತ್ರದಲ್ಲಿ ಮೊದಲು ನೋಡಬೇಕಾದದ್ದು ಶಾಖವನ್ನು ಬೇಕಾದಷ್ಟಕ್ಕೆ ನಿಲ್ಲಿಸುವ ಥರ್ಮೋಸ್ಟಾಟ್. ಒಂದೇ ಶಾಖಕ್ಕೆ ಕಟ್ಟಿದ ಅಗ್ಗದ ಯಂತ್ರ ಇಲ್ಲಿ ನಿರುಪಯೋಗಿ. ಎರಡನೆಯದು ಫ್ಯಾನು, ಅದಿಲ್ಲದಿದ್ದರೆ ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗುಳಿಯುತ್ತದೆ. ಮೂರನೆಯದು ಅಳತೆ. ಸ್ಟುಡಿಯೋ ಸ್ಪೂಲು ಹತ್ತೂವರೆ ಇಂಚು, ಅಂದರೆ ಸುಮಾರು 27 ಸೆಂಟಿಮೀಟರ್ ಅಗಲ. ಒಳಗೆ ಕನಿಷ್ಠ 30 ಸೆಂಟಿಮೀಟರ್ ಜಾಗ ಇರಲಿ, ಗಾಳಿ ಸುತ್ತಲೂ ಹರಿಯಬೇಕು. ದುಂಡು ತಟ್ಟೆಗಳ ಯಂತ್ರವಾದರೆ ತಟ್ಟೆಗಳ ಜಾಲರಿಯನ್ನು ಕತ್ತರಿಸಿ ಜಾಗ ಮಾಡಬೇಕಾಗುತ್ತದೆ. ಪೆಟ್ಟಿಗೆಯಂಥದ್ದಾದರೆ ಒಂದೆರಡು ತಟ್ಟೆ ಎಳೆದು ತೆಗೆದರೆ ಸಾಕು. ಪೆಟ್ಟಿಗೆಯಂಥದ್ದೇ ವಾಸಿ. ಅಮೆರಿಕದಿಂದ ತಂದ 120 ವೋಲ್ಟ್ ಯಂತ್ರಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಗುಂಡಿಯ ಮೇಲಿನ ಅಂಕಿಯನ್ನು ನಂಬದೆ ಪ್ರತ್ಯೇಕ ಥರ್ಮಾಮೀಟರ್ ಒಳಗಿಟ್ಟು, ಟೇಪಿಲ್ಲದೆ ಒಂದು ಗಂಟೆ ಓಡಿಸಿ ನೋಡಬೇಕು. ಸ್ಪೂಲನ್ನು ನಡುವೆ ಒಮ್ಮೆ ಮಗುಚಬೇಕು. ಕರೆಂಟು ಹೋದರೆ ಗಾಬರಿ ಬೇಡ, ಕಳೆದ ಹೊತ್ತನ್ನು ಕೊನೆಗೆ ಸೇರಿಸಿಕೊಂಡರಾಯಿತು. ಬೇಯಿಸಿದಷ್ಟೇ ಹೊತ್ತು ತಣಿಯಲು ಬಿಟ್ಟು ನಂತರ ನುಡಿಸಬೇಕು.

ಈ ಗುಣ ಉಳಿಯುವುದು ಕೆಲವು ವಾರ ಮಾತ್ರ. ಅಷ್ಟರೊಳಗೆ 24 ಬಿಟ್, 96 ಕಿಲೋಹರ್ಟ್ಸ್ ಗುಣಮಟ್ಟದಲ್ಲಿ ಡಿಜಿಟಲ್‌ಗೆ ಇಳಿಸಿ ಎರಡು ಕಡೆ ಪ್ರತಿ ಇಡಬೇಕು. ತಪ್ಪಿದರೆ ಮತ್ತೊಮ್ಮೆ ಬೇಯಿಸಬಹುದು. ಒಂದೇ ಪ್ರತಿ ಇರುವ ಮುದ್ರಣವಾದರೆ, ಅದೇ ಬಗೆಯ ಬೇಡದ ಟೇಪೊಂದರ ಮೇಲೆ ಮೊದಲು ಪರೀಕ್ಷಿಸುವುದು ಒಳ್ಳೆಯದು.