ಜಡೆ ಹೆಣೆಯಲು ಕೈ ಏಳದಿದ್ದಾಗ

ಗೃಹಿಣಿಯರೇ, ನಿಮ್ಮ ಬಲಗೈಯನ್ನು ಮೇಲಕ್ಕೆತ್ತಿ, ಹಿಂದಕ್ಕೆ ತಂದು ಒಮ್ಮೆ ಜಡೆ ಮುಟ್ಟಿ ನೋಡಿ. ಸುಲಭವಾಯಿತೇ? ನೀವು ಅದೃಷ್ಟವಂತರು ಬಿಡಿ. ಎರಡು ವರ್ಷದ ಹಿಂದೆ ಇಷ್ಟಕ್ಕೂ ನಾನು ಮಗಳನ್ನು ಕೂಗಬೇಕಾಗಿತ್ತು!

ಮೊದಲು ಸಣ್ಣ ನೋವು. 'ಬಟ್ಟೆ ಒಗೆದದ್ದು ಜಾಸ್ತಿಯಾಯ್ತೇನೋ' ಅಂದುಕೊಂಡು ಮುಲಾಮು ತಿಕ್ಕಿ ಸುಮ್ಮನಾದೆ. ನೋಯುತ್ತದೆಂದು ಕೈ ಎತ್ತುವುದನ್ನೇ ಬಿಟ್ಟೆ. ನಾನು ತಪ್ಪಿದ್ದೇ ಅಲ್ಲಿ. ಮೂರು ತಿಂಗಳಲ್ಲಿ ಮೇಲಿನ ಗೂಡಿನ ಸಾರಿನಪುಡಿ ಡಬ್ಬಿ ಎಟುಕದಾಯಿತು. ರಾತ್ರಿ ಆ ಮಗ್ಗುಲಿಗೆ ಮಲಗುವ ಹಾಗಿಲ್ಲ. ಕಡೆಗೆ ಮನೆಯವರ ಬಲವಂತಕ್ಕೆ ಡಾಕ್ಟರ ಬಳಿ ಹೋದೆ. "ಭುಜ ಬಿಗಿದುಕೊಂಡಿದೆಯಮ್ಮಾ, ಇದಕ್ಕೆ ಫ್ರೋಜನ್ ಶೋಲ್ಡರ್ ಅಂತಾರೆ" ಎಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಸಕ್ಕರೆ ಕಾಯಿಲೆಯೂ ಹೊರಬಿತ್ತು!

ನಮ್ಮ ಭುಜ ಎಂಥ ಸೋಜಿಗ ಗೊತ್ತೇ? ತೋಳಿನ ಮೂಳೆಯ ತುದಿ ಚೆಂಡಿನಂತೆ ಗುಂಡಗಿದೆ. ಅದು ಕೂರುವ ಹೆಗಲ ಮೂಳೆಯ ಗುಳಿ ಮಾತ್ರ ಆಳವಿಲ್ಲ. ಚಮಚದ ಮೇಲೆ ನಿಂಬೆಹಣ್ಣು ಇಟ್ಟಂತೆ ಅನ್ನಿ. ಅದಕ್ಕೇ ದೇಹದ ಬೇರಾವ ಕೀಲೂ ಇಷ್ಟು ಕಡೆಗೆ ತಿರುಗಲಾರದು. ನಿಂಬೆಹಣ್ಣು ಜಾರದಂತೆ ಸುತ್ತಲೂ ಚೀಲದಂಥ ಪೊರೆ, ಅದರ ಹೊರಗೆ ನಾಲ್ಕು ಸ್ನಾಯುಗಳು ಹಿಡಿದುಕೊಂಡಿವೆ. ಕೈ ಪೂರ್ತಿ ಮೇಲೆತ್ತಿದರೆ 180 ಡಿಗ್ರಿ. ಅದರಲ್ಲಿ ಸುಮಾರು 120 ಈ ಕೀಲಿನದು. ಉಳಿದ 60, ಬೆನ್ನ ಮೇಲಿನ ಹೆಗಲ ಮೂಳೆ ಜರುಗಿ ಕೊಡುವುದು. ಮಗುವಿನ ಬೆನ್ನ ಮೇಲೆ ಅಂಗೈಯಿಟ್ಟು 'ಕೈ ಎತ್ತು' ಅನ್ನಿ, ಅದು ಸರಿಯುವುದು ನಿಮಗೇ ತಿಳಿಯುತ್ತದೆ.

ನನಗೆ ಆ ಚೀಲವೇ ದಪ್ಪಗಾಗಿ ಮುದುಡಿತ್ತು. 40ರಿಂದ 60ರ ವಯಸ್ಸಿನಲ್ಲಿ, ಅದರಲ್ಲೂ ಹೆಂಗಸರಿಗೆ, ಇದು ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು. ವಾಸಿಯಾಗಲು ಒಂದೆರಡು ವರ್ಷವೇ ಹಿಡಿಯಬಹುದು.

ಡಾಕ್ಟರು ಹೇಳಿಕೊಟ್ಟ ವ್ಯಾಯಾಮಗಳು ಇವು. ಮೊದಲು ಬಿಸಿನೀರಿನ ಶಾಖ ಕೊಡಿ. ಚೆನ್ನಾಗಿರುವ ಕೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ನೋಯುವ ಕೈಯನ್ನು ತೊಟ್ಟಿಲಿನಂತೆ ಮೆಲ್ಲಗೆ ತೂಗಿ. ಆಮೇಲೆ ಗೋಡೆಗೆದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಿ. ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ವಿಪರೀತ ನೋವಾದರೆ ನಿಲ್ಲಿಸಿ. ಯಾರಿಂದಲೂ ಕೈ ಎಳೆಸಿಕೊಳ್ಳಬೇಡಿ.

ಒಂದು ಎಚ್ಚರಿಕೆ: ಭುಜದ ನೋವಿನ ಜೊತೆ ಎದೆ ಹಿಡಿದಂತಾಗಿ ಬೆವರಿದರೆ, ಉಸಿರು ಕಟ್ಟಿದರೆ ಅದು ಹೃದಯದ್ದಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ.

ನಮ್ಮ ಅಡಿಗೆಮನೆ ಗೋಡೆಯ ಮೇಲೆ ನನ್ನ ಗೆರೆಗಳು ಈಗಲೂ ಇವೆ. ಕಡೆಯದು ಸಾರಿನಪುಡಿ ಡಬ್ಬಿಗಿಂತ ಮೇಲಿದೆ! ಮನೆಮಂದಿಯ ನೋವಿಗೆಲ್ಲ ಓಡುವ ನಾವು, ನಮ್ಮ ನೋವಿಗೂ ಒಂದು ದಿನ ಬಿಡುವು ಮಾಡಿಕೊಳ್ಳಬಾರದೇ?